ಎರಡು ರಿವಾಲ್ವರಿಗೆ ಒಂದೇ ಬಳೆ

ಮಿಸೌರಿಯ ಆ ಗುಡ್ಡಗಾಡಿನಲ್ಲಿ ವರ್ಲಿನ್ ಹೋಸ್ಟೆಟರನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಕೇಳುವ ಕಿವಿಗಳು ಮಾತ್ರ ಕಡಿಮೆ. ಶಾಲೆಯ ಬಸ್ಸು ಓಡಿಸುತ್ತಿದ್ದಾಗ ಹಿಂದಿನ ಸೀಟಿನ ಮಕ್ಕಳಾದರೂ ಸಿಗುತ್ತಿದ್ದರು. ನಿವೃತ್ತನಾದ ಮೇಲೆ ಅವನ ಬುದ್ಧಿವಾದವೆಲ್ಲ ಹೆಂಡತಿ ಲಿಯೋಟಾಳ ಪಾಲಿಗೆ ಬಂತು. ಪಾಪ, ಆಕೆ ಎಷ್ಟೆಂದು ತಡೆದುಕೊಂಡಾಳು!

ಪ್ರತಿ ಶನಿವಾರ ಇಬ್ಬರೂ ಊರಾಚೆಯ ಪಿಸ್ತೂಲು ಕ್ಲಬ್ಬಿಗೆ ಹೋಗುತ್ತಿದ್ದರು. ಅವನದೊಂದು ರಿವಾಲ್ವರ್; ಅವಳಿಗೆ ಚಿಕ್ಕಮ್ಮ ಬಿಟ್ಟುಹೋದ ಹಳೆಯದೊಂದು. ಗುಂಡು ಮಾತ್ರ ಇಬ್ಬರಿಗೂ ಮನೆಯದೇ. ಚಕ್ರದ ತೂಕ ಸರಿದೂಗಿಸಲು ಅಂಟಿಸುವ ಸೀಸದ ತುಂಡುಗಳನ್ನು ಟೈರ್ ಅಂಗಡಿಯಿಂದ ತಂದು ವರ್ಲಿನ್ ಹಿತ್ತಲ ಶೆಡ್ಡಿನಲ್ಲಿ ಕರಗಿಸಿ ಅಚ್ಚಿಗೆ ಹೊಯ್ಯುತ್ತಿದ್ದ. ಆರಿದ ಗುಂಡುಗಳನ್ನು ಒಂದೊಂದಾಗಿ ಉಕ್ಕಿನ ಬಳೆಯೊಂದರಲ್ಲಿ ತೂರಿಸಿ ಒತ್ತಿದರೆ ಎಲ್ಲವೂ ಒಂದೇ ದಪ್ಪಕ್ಕೆ ಬರುತ್ತಿದ್ದವು. ಆ ಬಳೆಯನ್ನು ಅವನು ಆರಿಸಿದ್ದು ಕ್ಯಾಟಲಾಗು ನೋಡಿ. ಅಚ್ಚಾದದ್ದೆಲ್ಲ ಅವನಿಗೆ ವೇದವಾಕ್ಯ.

ಲಿಯೋಟಾ ಸುಟ್ಟ ಗುಂಡು ಕಾಗದದ ಗುರಿಯಲ್ಲಿ ದುಂಡನೆಯ ತೂತು ಮಾಡುತ್ತಿರಲಿಲ್ಲ. ಮಗ್ಗುಲಾಗಿ ಬಡಿದು ಉದ್ದನೆಯ ಸೀಳು ಬಿಡುತ್ತಿತ್ತು, ಅದೂ ಎಲ್ಲೆಂದರಲ್ಲಿ.

"ಮಣಿಕಟ್ಟು ಸಡಿಲ ಬಿಡ್ತೀಯ, ಅದಕ್ಕೇ ಗುಂಡು ಮಲಗಿಬಿಡ್ತದೆ," ಎನ್ನುತ್ತಿದ್ದ ವರ್ಲಿನ್.

"ನನ್ನ ಮಣಿಕಟ್ಟು ನೋಡಿದ್ರೆ ಅದಕ್ಕೆ ನಿದ್ದೆ ಬರ್ತದೇನೋ!"

ಮೂರು ವರ್ಷ ಪಾಠ ನಡೆಯಿತು. ಕಾಫಿ ಬಿಡು ಎಂದ, ಬಿಟ್ಟಳು. ಉಸಿರು ಬಿಗಿಹಿಡಿ ಎಂದ. ಹಿಡಿದು ಹಿಡಿದು ಒಮ್ಮೆ ಕಣ್ಣು ಕತ್ತಲೆ ಬಂದು ಬೆಂಚಿನ ಮೇಲೆ ಕುಸಿದಳು. ಕೊನೆಗೆ ಒಂದು ದಿನ ಕಡ್ಡಿ ಮುರಿದಂತೆ ಹೇಳಿದಳು: "ಬರೋ ಶನಿವಾರ ಪಂದ್ಯ. ಆಗ್ಲೂ ಹಿಂಗೇ ಆದ್ರೆ ನಾನು ಚರ್ಚಿನ ಹೆಂಗಸರ ಜೊತೆ ಕೌದಿ ಹೊಲಿಯೋಕೆ ಹೋಗ್ತೀನಿ. ಸೂಜಿಯಾದ್ರೂ ಚುಚ್ಚಿದ ಕಡೆ ಹೋಗ್ತದೆ."

ಮನೆಯಲ್ಲಿ ಅವರದು ದಿನವೂ ಹಾವು ಮುಂಗುಸಿಯ ಬಾಳು. ಶನಿವಾರ ಪಿಕಪ್ಪಿನಲ್ಲಿ ಅಕ್ಕಪಕ್ಕ ಕೂತಾಗ ಮಾತ್ರ ಅವಳು ಹಾಡು ಗುನುಗುತ್ತಿದ್ದಳು. ಅದು ತಪ್ಪಿದರೆ ತನ್ನ ವಾರಕ್ಕೆ ಅರ್ಥವೇ ಇಲ್ಲವೆಂದು ವರ್ಲಿನ್‌ಗೆ ಗೊತ್ತಿತ್ತು.

ಅವಳನ್ನು ಒಲಿಸಿಕೊಳ್ಳಲೆಂದು ಅವಳ ರಿವಾಲ್ವರನ್ನು ತಾನೇ ಒರೆಸಲು ಕೂತ. ಅದು ಯಾವತ್ತೂ ಅವಳದೇ ಕೆಲಸ. ಖಾಲಿ ನಳಿಗೆಯನ್ನು ಬೆಳಕಿಗೆ ಹಿಡಿದರೆ, ಪಾತ್ರೆಯ ತಳಕ್ಕೆ ಹಾಲು ಸೀದು ಹತ್ತಿದಂತೆ ಒಳಗೆಲ್ಲ ಸೀಸ ಮೆತ್ತಿತ್ತು. ಸೀಸವನ್ನೆಲ್ಲ ಉಜ್ಜಿ ತೆಗೆದು, ಗಾಳಕ್ಕೆ ಕಟ್ಟುವ ಮೆತ್ತನೆಯ ಸೀಸದುಂಡೆಗೆ ಎಣ್ಣೆ ಸವರಿ, ಮರದ ಕಡ್ಡಿಯಿಂದ ಬಡಿದು ನಳಿಗೆಯ ಉದ್ದಕ್ಕೂ ದಾಟಿಸಿದ. ನಳಿಗೆಯ ಒಳ ಅಳತೆಯನ್ನೇ ಹೊತ್ತು ಹೊರಬಿದ್ದ ಉಂಡೆಯನ್ನು ಮೈಕ್ರೋಮೀಟರಿನಲ್ಲಿ ಅಳೆದ. ಗುಂಡು ನಳಿಗೆಗಿಂತ ಕೂದಲೆಳೆಯಷ್ಟು ದಪ್ಪವಿರಬೇಕು. ಅವನ ಗುಂಡು ಈ ನಳಿಗೆಗಿಂತ ತೆಳ್ಳಗಿತ್ತು. ಮದ್ದಿನ ಬೆಂಕಿ ಗುಂಡಿನ ಪಕ್ಕದಿಂದ ನುಗ್ಗಿ ಸೀಸ ಕರಗಿಸುತ್ತಿತ್ತು. ಹಿಡಿತವಿಲ್ಲದ ಗುಂಡು ಕುಡುಕನಂತೆ ಉರುಳುತ್ತಾ ಹೋಗುತ್ತಿತ್ತು. ಮಣಿಕಟ್ಟಿನ ತಪ್ಪು ಏನೇನೂ ಇರಲಿಲ್ಲ.

ಹೇಳಿಬಿಡಬಹುದಿತ್ತು. ಆದರೆ ವರ್ಲಿನ್ ಜಟ್ಟಿ. ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು. ಇನ್ನೊಂದು ಬಳೆಯ ಒಳಮೈಯನ್ನು ಉಜ್ಜುಕಾಗದದಿಂದ ತೀಡಿ ಹಿಗ್ಗಿಸಿ, ಅವಳ ನಳಿಗೆಗೆ ಒಪ್ಪುವ ಗುಂಡು ಮಾಡಿದ. ಜೊತೆಗೆ ಹೊಸ ಪಾಠವನ್ನೂ ಹೊಸೆದ: "ಎಡಗಾಲಿನ ಹಿಮ್ಮಡಿ ಚೂರು ಎತ್ತಿ ನಿಂತ್ಕೋ. ಇದೊಂದು ಬಾಕಿ ಇತ್ತು."

ಪಂದ್ಯದಲ್ಲಿ ಲಿಯೋಟಾ ಹಿಮ್ಮಡಿ ಎತ್ತಿದಳು. ದುಂಡು ದುಂಡು ತೂತುಗಳು, ಎಲ್ಲವೂ ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರ. ಗೆದ್ದೇಬಿಟ್ಟಳು. ವರ್ಲಿನ್ ಎಂದಿನಂತೆ ಅಂಕಪಟ್ಟಿಯ ನಡುಮಧ್ಯದಲ್ಲೆಲ್ಲೋ ಉಳಿದ.

"ಏನು ಮಾಡ್ದೆ ಮಾರಾಯ್ತಿ?" ಎಂದು ಕ್ಲಬ್ಬಿನ ಅಧ್ಯಕ್ಷೆ ಮರ್ನಾ ಓಡಿಬಂದಳು.

"ಹಿಮ್ಮಡಿ. ವರ್ಲಿನ್ ಹೇಳ್ಕೊಟ್ಟ."

ಸ್ವಲ್ಪ ಹೊತ್ತಿನಲ್ಲೇ ಇಡೀ ಕ್ಲಬ್ಬು ಒಂಟಿ ಹಿಮ್ಮಡಿ ಎತ್ತಿ ಕೊಕ್ಕರೆಗಳ ಹಾಗೆ ನಿಂತಿತ್ತು. ಬರುವ ವಾರ ಎಲ್ಲರಿಗೂ ಪಾಠ ಹೇಳಬೇಕೆಂದು ಮರ್ನಾ ವರ್ಲಿನ್‌ನ ಕೈ ಹಿಡಿದುಕೊಂಡಳು. ಅವನು ಬೆವರಿದ.

ವಾಪಸು ಬರುವಾಗ ಲಿಯೋಟಾ ಮೆಲ್ಲಗೆ ಹೇಳಿದಳು: "ಮೂರು ವರ್ಷ ನಿನ್ನ ಜೊತೆ ಸುಮ್ನೆ ಜಗಳ ಆಡ್ದೆ ನೋಡು. ತಪ್ಪಾಯ್ತು, ವರ್ಲಿನ್."

ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಇದನ್ನು ತಡೆಯಲಾಗಲಿಲ್ಲ. ಪಿಕಪ್ಪನ್ನು ರಸ್ತೆಯ ಬದಿಗೆ ನಿಲ್ಲಿಸಿ ಎಲ್ಲವನ್ನೂ ಒದರಿಬಿಟ್ಟ.

"ಅಂದ್ರೆ ನನ್ನ ಕೈ ಮೊದ್ಲಿಂದ್ಲೂ ಸರಿ ಇತ್ತು?"

"ಇತ್ತು."

"ಹಿಮ್ಮಡಿ?"

"ಅದು ನಾನು ಕಟ್ಟಿದ್ದು."

"ಮನೆಗೆ ನಡಿ," ಎಂದಳು.

ಇಳಿದವಳೇ ಸೀದಾ ಶೆಡ್ಡಿಗೆ ನಡೆದಳು. "ನಿನ್ನ ರಿವಾಲ್ವರ್ ಕೊಡು. ಅದನ್ನ ಯಾವತ್ತಾದ್ರೂ ಅಳೆದಿದೀಯಾ?"

"ಇಲ್ಲ... ಕ್ಯಾಟಲಾಗಲ್ಲಿ..." ಎಂದ ವರ್ಲಿನ್‌ಗೆ ಥಟ್ಟನೆ ಆಸೆ ಹುಟ್ಟಿತು. ಹಾಗಾದರೆ ತಾನು ವರ್ಷಗಟ್ಟಲೆ ನಡುವಿನಲ್ಲೇ ಉಳಿದದ್ದಕ್ಕೂ ಬಳೆಯೇ ಕಾರಣವಿರಬಹುದಲ್ಲ! ಕುಣಿಯಲಾರದವನು ನೆಲ ಡೊಂಕಾಗಿರಲಿ ದೇವರೇ ಎಂದು ಬೇಡಿಕೊಂಡ.

ಲಿಯೋಟಾ ಸೀಸದುಂಡೆ ಬಡಿದು ದಾಟಿಸಿದಳು. ಅದನ್ನೂ ಅವನ ಗುಂಡನ್ನೂ ಅಳೆದಳು.

"ಸರಿಯಾಗಿದೆ. ಎಷ್ಟಿರಬೇಕೋ ಅಷ್ಟೇ ಇದೆ."

"ಇನ್ನೊಂದ್ಸಲ ನೋಡು."

ನೋಡಿದಳು. ಏನೂ ತಪ್ಪಿರಲಿಲ್ಲ. ವರ್ಲಿನ್ ಮೋರೆ ಇಳಿಬಿಟ್ಟು ಸ್ಟೂಲಿನ ಮೇಲೆ ಕೂತ. ಲಿಯೋಟಾ ಕೈಯ ಎಣ್ಣೆ ಒರೆಸಿಕೊಳ್ಳುತ್ತಾ, ಹಾಡೊಂದನ್ನು ಗುನುಗತೊಡಗಿದಳು.

"ಶನಿವಾರ ಬೇಗ ಎದ್ದು ರೆಡಿಯಾಗು," ಎಂದಳು. "ಇನ್ಮೇಲೆ ನಿಂಗೆ ಕಲ್ಸೋದು ನಾನು."