ದೇವರ ನಾಯಿಯ ಪಥ್ಯ

ವಿಜಾಪುರದ ಜೋರಾಪುರ ಪೇಟೆಯಲ್ಲಿ ಹೊಳೆವ್ವನ ಮನೆ ಹುಡುಕುವವರಿಗೆ ಯಾರೂ ದಾರಿ ಹೇಳಬೇಕಾಗಿರಲಿಲ್ಲ. ಜೋಳದ ಹಿಟ್ಟು ಕೆಂಡದ ಮೇಲೆ ನಿಧಾನವಾಗಿ ಕೆಂಪಗಾಗುವ ವಾಸನೆ ಓಣಿಯ ತಿರುವಿಗೇ ಬಂದು ನಿಂತಿರುತ್ತಿತ್ತು. ಆ ವಾಸನೆಗೆ ಬಾಯಲ್ಲಿ ನೀರು ಬಂದು ಒಳಗೆ ಇಣುಕಿದವರಿಗೆ ಹೊಳೆವ್ವ ಒಂದೇ ಮಾತು ಹೇಳುತ್ತಿದ್ದಳು: "ನಿಮಗಲ್ರಿ, ನಾಯಿಗೆ."

ಇದು ಎಪ್ಪತ್ನಾಲ್ಕನೆಯ ಇಸವಿಯ ಮಾತು. ಅವಳ ಗಂಡ ಖಂಡಪ್ಪ ದನದ ದವಾಖಾನೆಯಲ್ಲಿ ಜವಾನ. ಊರಿನ ದೊಡ್ಡ ಬಂಗಲೆಗಳಲ್ಲಿ ಆಗ ದೊಡ್ಡ ನಾಯಿಗಳಿದ್ದವು. ಅವುಗಳಿಗೆ ಅಂಗಡಿಯ ಬಿಸ್ಕೀಟು, ಹಾಲಿನ ಕೆನೆ, ಹಬ್ಬಕ್ಕೆ ಹೋಳಿಗೆ. ಹೀಗಾಗಿ ಅವುಗಳ ಹೊಟ್ಟೆ ಸರಿಯಿದ್ದ ದಿನವೇ ಕಡಿಮೆ. ಒಮ್ಮೆ ಇಂಜಿನಿಯರರೊಬ್ಬರ ನಾಯಿ ಕೊಟ್ಟ ಔಷಧವನ್ನೂ ಕಾರಿಕೊಂಡು ದವಾಖಾನೆಯ ಮೆಟ್ಟಿಲ ಮೇಲೆ ಮಲಗಿಬಿಟ್ಟಿತು. ಖಂಡಪ್ಪ ಅದರ ಅವಸ್ಥೆಯನ್ನು ಮನೆಗೆ ಬಂದು ಹೇಳಿದ.

"ಅದಕ್ಕ ಬ್ಯಾನಿ ಇಲ್ರಿ," ಎಂದಳು ಹೊಳೆವ್ವ. "ಶ್ರೀಮಂತಿಕಿ ಆಗೇತಿ."

ಹೊಳೆವ್ವ ನಿಡೋಣಿಯ ಕುರಿಗಾರರ ಮಗಳು. ಹಿಂಡು ಕಾಯುವ ನಾಯಿ ಸೊರಗಿದರೆ ಅವಳ ತಾಯಿ ಏನು ಮಾಡುತ್ತಿದ್ದಳೋ ಅದನ್ನೇ ಅವಳೂ ಮಾಡಿದಳು. ಹಳೆಯ ಜೋಳದ ಹಿಟ್ಟಿಗೆ ಬೇಯಿಸಿ ಹಿಚುಕಿದ ಕುಂಬಳಕಾಯಿ ಕಲಸಿದಳು. ಉಪ್ಪಿಲ್ಲ, ಬೆಲ್ಲವಿಲ್ಲ, ಎಣ್ಣೆಯ ಹನಿಯಿಲ್ಲ. ಸಣ್ಣ ಬಿಲ್ಲೆಗಳನ್ನು ತಟ್ಟಿ ಹಂಚಿನ ಮೇಲೆ ಜೋಡಿಸಿ, ಇನ್ನೊಂದು ಹಂಚು ಮುಚ್ಚಿ, ಕೆಳಗೂ ಮೇಲೂ ಕೆಂಡವಿಟ್ಟು ಕಾದಳು. ಬೆರಳಿನಿಂದ ಬಡಿದರೆ ಟಕ್ ಎಂದಾಗ ತೆಗೆದಳು. ನಾಯಿ ಎರಡು ದಿನ ಅದನ್ನೇ ತಿಂದು ಮೂರನೆಯ ದಿನ ಅಂಚೆಯವನನ್ನು ಅಟ್ಟಿಸಿಕೊಂಡು ಹೋಯಿತು. ಪೂರ್ತಿ ಗುಣವಾಯಿತೆಂದು ಇಂಜಿನಿಯರರ ಹೆಂಡತಿ ಎಲ್ಲರಿಗೂ ಹೇಳಿದರು.

ಅಂದಿನಿಂದ ಬಂಗಲೆಗಳಿಂದ ಚೀಟಿ ಬರತೊಡಗಿದವು. ರೂಬಿ ಕೇಸರಿಭಾತು ತಿಂದಿದೆ, ದಯವಿಟ್ಟು ಒಂದು ಡಬ್ಬಿ. ರಾಜಾ ನಿನ್ನೆಯಿಂದ ನೀರನ್ನೂ ಮುಟ್ಟಿಲ್ಲ, ದಯವಿಟ್ಟು ಎರಡು ಡಬ್ಬಿ. ಹಿಟ್ಟು ಕಲಸುವವಳು, ಕೆಂಡ ಊದುವವಳು ಹೊಳೆವ್ವ. ಡಬ್ಬಿ ಒಯ್ಯುವವನು ಖಂಡಪ್ಪ. ಊರಲ್ಲಿ ಹೆಸರಾದದ್ದು ಮಾತ್ರ 'ಖಂಡಪ್ಪನ ಬಿಸ್ಕೀಟು'. ಹೊಳೆವ್ವ ಅದಕ್ಕೆ ಬೇಸರಪಡಲಿಲ್ಲ. "ಹೆಸರು ಯಾರದರೆ ಇರಲಿ. ನಾಯಿಗೇನು ಓದಾಕ ಬರ್ತದೇನು?" ಎನ್ನುತ್ತಿದ್ದಳು.

ಖಂಡಪ್ಪನೂ ಒಂದು ನಾಯಿಯೇ. ಇದು ಬೈಗುಳವಲ್ಲ, ಅವನ ಮನೆತನದ ಮಾನ. ಕಳ್ಳಕವಟಗಿಯ ಅವನ ಹಿರಿಯರು ಮೈಲಾರಲಿಂಗನ ವಗ್ಗಯ್ಯರು, ಅಂದರೆ ದೇವರ ನಾಯಿಗಳು. ಹರಕೆ ಹೊತ್ತವರು ಕರೆದಾಗ ಐದು ಮಂದಿ ಕರಿ ಕಂಬಳಿ ಹೊದ್ದು ಹೋಗಿ, ತಮ್ಮ ತಮ್ಮ ಮರದ ದೋಣಿ, ಅಂದರೆ ಉಣ್ಣುವ ಮರಿಗೆಗಳನ್ನು ಅಂಗಳದಲ್ಲಿ ಇಡುತ್ತಾರೆ. ಮನೆಯವರು ಅವನ್ನು ಹಾಲು, ತುಪ್ಪ, ಬೆಲ್ಲ, ಬಾಳೆಹಣ್ಣಿನಿಂದ ತುಂಬುತ್ತಾರೆ. ವಗ್ಗಯ್ಯರು ಮಂಡಿಯೂರಿ ಬೊಗಳಿ, ಕೈ ಹಚ್ಚದೆ ಬಾಯಿಂದಲೇ ತಿನ್ನಬೇಕು. ದೋಣಿ ಬರಿದಾಗುವವರೆಗೆ ಮನುಷ್ಯರ ಮಾತು ಆಡುವಂತಿಲ್ಲ.

ತೊಂದರೆಯೆಂದರೆ, ಈ ನಾಯಿಯ ಹೊಟ್ಟೆಯೂ ಸೂಕ್ಷ್ಮ. ಬಂಗಲೆಯ ಬಾಗಿಲಲ್ಲಿ ಕೈಮುಗಿದು, "ನಾಯಿಗೆ ಹಾಲು ಬೆಲ್ಲ ಹಾಕಬ್ಯಾಡ್ರಿ ಅವ್ವಾರ, ಪಾಪ ಹತ್ತತೈತಿ," ಎಂದು ಹೇಳಿ ಬರುತ್ತಿದ್ದ ಖಂಡಪ್ಪ, ರವಿವಾರ ಅದನ್ನೇ ದೋಣಿಗಟ್ಟಲೆ ಕುಡಿದು ಸೋಮವಾರ ರಜೆ ಹಾಕುತ್ತಿದ್ದ. ಆ ಶ್ರಾವಣದಲ್ಲಿ ಬಬಲೇಶ್ವರದ ಒಂದು ಮನೆಯಲ್ಲಿ ದೋಣಿ ಇನ್ನೂ ಅರ್ಧವಿರುವಾಗಲೇ ಕಾರಿಕೊಂಡುಬಿಟ್ಟ. ದೇವರ ನಾಯಿ ಕಾರಿಕೊಂಡರೆ ಮನೆಗೆ ಕೇಡೆಂದು ಆ ಮನೆಯ ಹೆಂಗಸರು ಅತ್ತರು. ಐವರಲ್ಲಿ ಹಿರಿಯನಾದ ಬೀರಣ್ಣ ಮುತ್ಯಾ ಊರ ಕಟ್ಟೆಯ ಮೇಲೆ ಕೂತು ತೀರ್ಮಾನ ಹೇಳಿದ.

"ಇನ್ನೊಮ್ಮೆ ಹಿಂಗಾತಂದ್ರ ದೋಣಿ ನಿಮ್ಮ ಕಾಕಾನ ಮಗ ಅಮೋಘಿಗೆ ಹೋಗ್ತದ, ನೋಡಪಾ. ದೇವರ ನಾಯಿಗೆ ಎಂಥಾ ಪಥ್ಯ? ಹಾಕಿದ್ದು ತಿನ್ನಬೇಕು."

ಖಂಡಪ್ಪ ಮನೆಗೆ ಬಂದು ದೋಣಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

"ಅಪ್ಪಂದು ಇದು, ಹೊಳೆವ್ವಾ. ಅವನ ಹಲ್ಲಿನ ಗುರ್ತು ಅದಾವ ಇದರಾಗ. ಇದನ್ನ ಅಮೋಘಿ ಕೈಯಾಗ ಹೆಂಗ ಕೊಡ್ಲಿ?"

ಹೊಳೆವ್ವ ದೋಣಿಯ ಅಂಚಿನ ಮೇಲೆ ಬೆರಳಾಡಿಸಿ ನೋಡಿದಳು. ಆಮೇಲೆ ಕೇಳಿದಳು: "ದೋಣಿಗೆ ಏನು ಹಾಕಬೇಕಂತ ಯಾರು ಹೇಳ್ತಾರ್ರಿ?"

"ಹರಕಿ ಹೊತ್ತವರ ಇಷ್ಟ. ಅವರು ಏನು ಹಾಕ್ತಾರ ಅದ ಪ್ರಸಾದ."

"ಹಂಗಾರ ಈ ಮಹಾನವಮಿಗೆ ಹರಕಿ ನಾ ಹೊರ್ತೇನಿ."

"ನೀನಾ? ಏನು ಬೇಡ್ಕೊಂಡಿ?"

"ನಿಮ್ಮ ಹೊಟ್ಟಿ."

ಹಬ್ಬದ ಹಿಂದಿನ ಎರಡು ದಿನ ಅವಳು ಒಲೆಯ ಮುಂದಿನಿಂದ ಏಳಲಿಲ್ಲ. ಬಂಗಲೆಗಳ ಡಬ್ಬಿಗಳು ಬರಿದೇ ಹಿಂದಿರುಗಿದವು. ಈ ವಾರ ದೇವರ ನಾಯಿಗಳ ಸರದಿ ಎಂದು ಹೇಳಿ ಕಳಿಸಿದಳು.

ಮಹಾನವಮಿಯ ಬೆಳಿಗ್ಗೆ ಉಳಿದ ನಾಲ್ವರು ವಗ್ಗಯ್ಯರು ಜೋರಾಪುರ ಪೇಟೆಗೆ ಬಂದರು; ಖಂಡಪ್ಪ ಐದನೆಯವನಾಗಿ ಸೇರಿಕೊಂಡ. ಅಮೋಘಿ ಹಿಂದೆಯೇ ಬಂದು, ಖಂಡಪ್ಪನ ದೋಣಿ ಕೈತಪ್ಪಿದರೆ ತನಗೆ ಸಿಗುವಷ್ಟು ಹತ್ತಿರ ನಿಂತ. ದೋಣಿಗಳನ್ನು ಸಾಲಾಗಿ ಇಟ್ಟದ್ದಾಯಿತು. ಐವರೂ ಮಂಡಿಯೂರಿ ಬೊಗಳಿದರು. ಆಗ ಹೊಳೆವ್ವ ಬುಟ್ಟಿ ತಂದು ಒಂದೊಂದು ದೋಣಿಗೆ ಏಳೇಳು ಬಿಸ್ಕೀಟು ಹಾಕಿ, ಮೇಲೆ ಒಂದು ಸೌಟು ನೀರುಮಜ್ಜಿಗೆ ಸುರಿದು, ಹಿಂದೆ ಸರಿದು ಕೈಮುಗಿದಳು.

ಬೀರಣ್ಣ ಮುತ್ಯಾ ದೋಣಿಯೊಳಗೆ ನೋಡಿದ. ತಲೆಯೆತ್ತಿ ಹೊಳೆವ್ವನನ್ನು ನೋಡಿದ. ಏನೋ ಹೇಳಲು ಬಾಯಿಯನ್ನೂ ತೆರೆದ. ಆದರೆ ಬೆನ್ನ ಮೇಲೆ ಕಂಬಳಿಯಿತ್ತು, ಮಂಡಿ ನೆಲದಲ್ಲಿತ್ತು. ಬೊಗಳುವುದೊಂದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ. ಬೊಗಳಿದ. ಆ ಬೊಗಳಿಕೆಯಲ್ಲಿ ಒಂದು ಫಿರ್ಯಾದು ಇತ್ತೆಂದು ಓಣಿಯವರು ಆಮೇಲೆ ಬಹಳ ದಿನ ಹೇಳಿದರು. ಹೊಳೆವ್ವ ಭಕ್ತಿಯಿಂದ ಇನ್ನೊಮ್ಮೆ ನಮಸ್ಕರಿಸಿದಳು.

ಬೇರೆ ದಿನ ದೋಣಿ ಸೇವೆಯಲ್ಲಿ ಹಾಲು ಹೀರುವ ಸದ್ದಿರುತ್ತದೆ. ಅಂದು ಅಂಗಳದಲ್ಲಿ ಕುರಿ ಹಿಂಡು ಜೋಳದ ಕೂಳೆ ಮೇಯ್ದಂತೆ ಕಟಕಟ ಎನ್ನುವ ಸದ್ದು ತುಂಬಿತು. ಎಲ್ಲರಿಗಿಂತ ಮೊದಲು ಬರಿದಾದದ್ದು ಖಂಡಪ್ಪನ ದೋಣಿ. ಅವನು ಎದ್ದು ನಿಂತಾಗ ಕಣ್ಣು ತೇವವಾಗಿದ್ದವು. ಹೊಟ್ಟೆ ಸುಮ್ಮನಿತ್ತು.

ಕೊನೆಗೆ ಎದ್ದವನು ಮುತ್ಯಾ. ಅಮೋಘಿ ಅದಕ್ಕೇ ಕಾದಿದ್ದ.

"ಮುತ್ಯಾ, ಹಾಲಿಲ್ಲ, ಬೆಲ್ಲ ಇಲ್ಲ. ಸಾಹೇಬರ ನಾಯಿಗೆ ಹಾಕೋದನ್ನ ದೇವರ ನಾಯಿಗೆ ಹಾಕ್ಯಾಳ ಈಕಿ. ಇದು ನಡೀತದೇನು?"

ಖಂಡಪ್ಪ ದೋಣಿಯನ್ನು ಎದೆಗೆ ಒತ್ತಿಕೊಂಡ. ಮುತ್ಯಾ ಮೀಸೆಗೆ ಅಂಟಿದ್ದ ಪುಡಿಯನ್ನು ಒರೆಸಿದ. ಪ್ರತಿ ಸಲ ದೋಣಿಯಾದ ಮೇಲೆ ಎದೆ ಉರಿದು ಹುಳಿತೇಗು ಬರುತ್ತಿತ್ತು, ಅದಕ್ಕಾಗಿ ಕಾದ. ಬರಲಿಲ್ಲ. ಇನ್ನೂ ಸ್ವಲ್ಪ ಕಾದ.

"ಸುಮ್ನಿರಲೇ," ಎಂದ. "ಹಾಕಿದ್ದು ತಿನ್ನಬೇಕಂತ ನಾನ ಹೇಳೇನಿ. ತಿಂದೀವಿ. ತಿಂದಮ್ಯಾಗ ನಾಯಿ ತಪ್ಪು ಹುಡುಕ್ತದೇನು?"

"ಮತ್ತ ಖಂಡಪ್ಪನ ದೋಣಿ?"

"ಖಾಲಿ ಆಗೇತಿ. ಕಾಣವಲ್ದೇನು ನಿನಗ?"

ನಾಲ್ಕನೆಯ ದಿನ ಮುತ್ಯಾ ಒಬ್ಬನೇ ಬಸ್ಸಿಳಿದು ಬಂದ. ಕಂಕುಳಲ್ಲಿ ಒಂದು ಅರಿವೆಯ ಚೀಲ. ಹೊಳೆವ್ವನ ಮನೆಯ ಕಟ್ಟೆಯ ಮೇಲೆ ಕೂತು ಬಸ್ಸಿನ ಗದ್ದಲ, ಕುರಿಯ ಉಣ್ಣೆ, ಹಿಂಗಾರಿನ ಮೋಡ ಎಲ್ಲ ಮಾತಾಡಿದ.

"ಟಿಕೋಟದವರು ಬರೋ ತಿಂಗಳ ದೋಣಿ ತುಂಬತಾರ. ಹಾಲು ಬೆಲ್ಲ ಕೈ ಹಿಡದು ಹಾಕ್ರಿ ಅಂತ ಹೇಳಿ ಬಂದೇನಿ. ಖಂಡಪ್ಪಗ ತಿಳಸು." ಆಮೇಲೆ ಚೀಲವನ್ನು ಮೆಲ್ಲಗೆ ಮುಂದೆ ಸರಿಸಿದ. "ನಮ್ಮ ನಾಯಿಗೂ ಹೊಟ್ಟಿ ಸರಿ ಇಲ್ಲ ಬೇ. ಒಂದಿಷ್ಟು ಬಿಸ್ಕೀಟ್ ಇದ್ರ ಕೊಡು."

ಮುತ್ಯಾನ ನಾಯಿ ಹೋದ ಬೇಸಿಗೆಯಲ್ಲೇ ಸತ್ತದ್ದು ಹೊಳೆವ್ವನಿಗೆ ಗೊತ್ತಿತ್ತು. ಅವಳು ನಗಲಿಲ್ಲ.

"ನಾಯಿಗೆ ಹಲ್ಲು ಎಷ್ಟು ಅದಾವ್ರಿ ಮುತ್ಯಾ? ಅದನ್ನ ನೋಡಿ ಸುಡಬೇಕಾಗ್ತದ."

ಮುತ್ಯಾ ಬಾಯಿ ಮುಚ್ಚಿಕೊಂಡು ನಾಲಿಗೆಯಿಂದ ಒಳಗೇ ಎಣಿಸಿದ.

"ಆರು," ಎಂದ. "ಒಂದು ಅಳ್ಳಾಡ್ತದ."

ಹೊಳೆವ್ವ ಕುಂಬಳಕಾಯಿಯ ಇನ್ನೊಂದು ಹೋಳು ಹೆಚ್ಚತೊಡಗಿದಳು.