ಅತ್ತಿಗೆ ಆರಿಸಿದ ಆರು ಜನ

ನಾನು ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಇರುವುದು ನಂಜನಗೂಡಿನಲ್ಲಿ, ಅಣ್ಣ ಅತ್ತಿಗೆಯ ಜೊತೆ. ಕಳೆದ ವರ್ಷ ಅವರೆಕಾಯಿ ಕಾಲದಲ್ಲಿ ಐದು ಜನ ಮೇಷ್ಟ್ರುಗಳು ಸೇರಿ ಒಂದು ಆಟ ಹೂಡಿದೆವು. ಟೆಸ್ಟ್ ಕ್ರಿಕೆಟ್ ಶುರುವಾದಾಗಿನಿಂದ ಇವತ್ತಿನವರೆಗೆ ಆಡಿದ ಬ್ಯಾಟ್ಸ್‌ಮನ್‌ಗಳಲ್ಲಿ ಒಬ್ಬೊಬ್ಬರೂ ಆರು ಜನರನ್ನು ಆರಿಸಬೇಕು. ಒಬ್ಬ ತೆಗೆದುಕೊಂಡವನನ್ನು ಇನ್ನೊಬ್ಬ ಮುಟ್ಟುವಂತಿಲ್ಲ. ಸರದಿ ಬಂದ ಹಾಗೆ ವಾಟ್ಸಾಪ್ ಗುಂಪಿನಲ್ಲಿ ಹೆಸರು ಹಾಕಬೇಕು. ಕೊನೆಗೆ ನಮ್ಮ ನಿವೃತ್ತ ಹೆಡ್‌ಮಾಸ್ಟರು ಎಲ್ಲರ ಕಾರಣ ಕೇಳಿ, ಯಾರ ಪಟ್ಟಿ ಗಟ್ಟಿ ಎಂದು ತೀರ್ಪು ಕೊಡಬೇಕು. ಆಟಗಾರರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಜಗಳ ಮತ್ತೆ ಶುರುವಾಗುತ್ತದೆ.

ಚೀಟಿ ಎತ್ತಿದಾಗ ನನ್ನ ಸರದಿ ಕೊನೆಗೆ ಬಂತು. ಭಾನುವಾರ ಬೆಳಿಗ್ಗೆ ಫೋನು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಕೂತಿದ್ದೆ. ಒಳಗೆ ಅತ್ತಿಗೆ ನೆನೆಸಿದ ಅವರೆಕಾಳು ಹಿತಕುತ್ತಿದ್ದರು. ಎಲ್ಲರೂ ಕಣ್ಣಿಟ್ಟಿದ್ದ ಹಳೇ ಆಸ್ಟ್ರೇಲಿಯಾದವನು ಮೊದಲ ಹೆಸರಾಗಿಯೇ ಹೋದ. ನಾನು "ಥತ್" ಎಂದದ್ದು ಕೇಳಿ ಅತ್ತಿಗೆ ಏನಾಯಿತೆಂದು ವಿಚಾರಿಸಿದರು. ಹೇಳಿದೆ.

"ಓದ್ರೆ ಓಗ್ಲಿ ಬುಡು. ನೀನು ಓಪನರ್ ತಕೊ."

"ಓಪನರಾ? ಎಂತೆಂಥ ನಾಕನೇ ನಂಬರ್‌ನೋರು ಇನ್ನೂ ಉಳ್ಕೊಂಡವ್ರೆ ಅತ್ಗೆ!"

"ಅದ್ಕೇ ಯೋಳಿದ್ದು. ನಾಕನೇ ನಂಬರ್‌ಗೆ ಬೇಕಾದಷ್ಟು ಜನ ಸಿಕ್ತರೆ. ಒಸ ಚೆಂಡು ಎದುರ್ಸೋರು ಎಷ್ಟು ಜನ ಅವ್ರೆ, ಎಣ್ಸು."

ಎಣಿಸಿದೆ. ಒಂದು ಕೈಯ ಬೆರಳು ಮುಗಿಯುವಷ್ಟರಲ್ಲೇ ತಡವರಿಸಿದೆ.

ಅತ್ತಿಗೆ ಹೆಡತಲೆ ಎಂಬ ಹಳ್ಳಿಯವರು. ಮ್ಯಾಚ್ ಇದ್ದರೆ ಕೆಲಸ ಮುಗಿಸಿ ಟೀವಿ ಮುಂದೆ ಬಂದು ಕೂತು ಏನೋ ಗೊಣಗುತ್ತಾರೆ ಎಂಬುದಷ್ಟೇ ನನಗೆ ಗೊತ್ತಿತ್ತು. ಚಿಕ್ಕ ಹುಡುಗಿಯಾಗಿದ್ದಾಗ ಗದ್ದೆಗೆ ಬುತ್ತಿ ತೆಗೆದುಕೊಂಡು ಹೋಗಿ, ಪಂಪ್‌ಸೆಟ್ ಮನೆಯ ನೆರಳಲ್ಲಿ ಅಪ್ಪನ ಪಕ್ಕ ಕೂತು ರೇಡಿಯೋದಲ್ಲಿ ಕಾಮೆಂಟ್ರಿ ಕೇಳುತ್ತಿದ್ದರಂತೆ. ಭಾಷೆ ಪೂರ್ತಿ ತಿಳಿಯದಿದ್ದರೂ ಫೀಲ್ಡರ್ ನಿಲ್ಲುವ ಸ್ಲಿಪ್ ಎಲ್ಲಿ, ಗಲ್ಲಿ ಎಲ್ಲಿ ಎಂದು ಅಪ್ಪ ಬದುವಿನ ಮೇಲೆ ಕಲ್ಲಿಟ್ಟು ತೋರಿಸಿದ್ದರಂತೆ. ಹತ್ತು ವರ್ಷ ಒಂದೇ ಮನೆಯಲ್ಲಿದ್ದು ಇದನ್ನು ನಾನು ಅವತ್ತು ಕೇಳಿಸಿಕೊಂಡೆ.

ಮಧ್ಯಾಹ್ನದ ಊಟದ ಹೊತ್ತಿಗೆ ಆರೂ ಜನರನ್ನು ಅವರೇ ಆರಿಸಿದ್ದರು. ನಾನು ಟೈಪ್ ಮಾಡಿದೆ, ಅಷ್ಟೆ. ಐದನೆಯವನು ನಮ್ಮ ದೇಶದವನೇ, ಯಾರೂ ಅಷ್ಟಾಗಿ ನೆನೆಯದವನು. ಯಾಕೆ ಇವನು ಎಂದೆ.

"ವಿಕೆಟ್ ಬಿದ್ದು ರೇಡಿಯೋದೋನ ದನಿ ಇಳಿದೋದಾಗ ಇವ್ನು ಬತ್ತಿದ್ದ. ಇವ್ನು ಬಂದ್ಮೇಲೆ ನಮ್ಮಪ್ಪ ರೇಡಿಯೋ ಆರಿಸ್ತಿರ್ನಿಲ್ಲ ಕಣಪ್ಪ."

ಅಷ್ಟರಲ್ಲಿ ಉಳಿದ ನಾಲ್ವರು ಓಪನರ್ ಸಿಗದೆ ಒದ್ದಾಡುತ್ತಿದ್ದರು.

ಮುಂದಿನ ಭಾನುವಾರ ನರಸೀಪುರದಲ್ಲಿ ಹೆಡ್‌ಮಾಸ್ಟರ ಮನೆಯ ಜಗುಲಿಯಲ್ಲಿ ಸೇರಿದೆವು. ಅತ್ತಿಗೆಯ ಕಾರಣಗಳನ್ನೇ ಒಂದೊಂದಾಗಿ ಹೇಳಿದೆ, ಸ್ವಲ್ಪ ಪುಸ್ತಕದ ಭಾಷೆ ಸವರಿ. ಐದನೆಯವನ ವಿಷಯ ಬಂದಾಗ ಹೆಡ್‌ಮಾಸ್ಟರು ಕನ್ನಡಕ ತೆಗೆದರು.

"ಇದನ್ನೆಲ್ಲ ಎಲ್ಲಿ ಕಲ್ತೆಯಪ್ಪಾ?"

ಅಲ್ಲಿ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು ಕೂಡ. "ಚಿಕ್ಕಂದಿನಲ್ಲಿ ಗದ್ದೆ ಹತ್ರ ಕೂತು ರೇಡಿಯೋ ಕೇಳ್ತಿದ್ದೆ ಸಾರ್" ಎಂದುಬಿಟ್ಟೆ. ಪಟ್ಟಿಯ ಜೊತೆಗೆ ಅತ್ತಿಗೆಯ ಬಾಲ್ಯವನ್ನೂ ತೆಗೆದುಕೊಂಡೆ.

ಗೆದ್ದೆ. ಗೆದ್ದವನು ಊಟ ಹಾಕಿಸಬೇಕೆಂದು ಎಲ್ಲರೂ ಪಟ್ಟು ಹಿಡಿದರು. ಮನೆಗೆ ಬಂದು ಸ್ನೇಹಿತರು ಬರುತ್ತಾರೆ ಎಂದಷ್ಟೇ ಹೇಳಿದೆ. ಅತ್ತಿಗೆ ಒಬ್ಬಟ್ಟು ಮಾಡಿದರು.

ಎಲೆ ಹಾಕಿ ಬಡಿಸುವಾಗ ಹೆಡ್‌ಮಾಸ್ಟರು, "ಆ ಐದನೆಯವನ ಮಾತು ಇನ್ನೊಂದ್ಸಲ ಹೇಳಯ್ಯ, ಚೆನ್ನಾಗಿತ್ತು" ಎಂದರು. ಅತ್ತಿಗೆ ತುಪ್ಪದ ಗಿಂಡಿ ಹಿಡಿದು ನನ್ನ ಎದುರಿಗೇ ನಿಂತಿದ್ದರು.

"ಏನಿಲ್ಲ ಸಾರ್... ಅವನ ಸರಾಸರಿ ಚೆನ್ನಾಗಿತ್ತು" ಎಂದೆ.

"ಅಲ್ಲಪ್ಪ, ರೇಡಿಯೋ ಅದೂ ಇದೂ ಅಂದಿದ್ದೆಯಲ್ಲ? ನೀನು ಗದ್ದೆ ಹತ್ರ ಕೂತು ಕೇಳಿದ್ದು?"

ನಾನು ತಲೆ ತಗ್ಗಿಸಿ ಒಬ್ಬಟ್ಟು ಮುರಿದೆ. ಪಕ್ಕದಲ್ಲಿದ್ದ ಗಣಿತದ ಮೇಷ್ಟ್ರು, "ಸಾಕು ಬಿಡಿ ಸಾರ್, ನಿಮ್ಮ ಕ್ರಿಕೆಟ್ ಪುರಾಣ ಕೇಳಿ ಪಾಪ ಅವರಿಗೆ ಬೇಜಾರಾಗುತ್ತೆ" ಎಂದು ಅತ್ತಿಗೆಯ ಕಡೆ ತೋರಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತಿಗೆ ಎಲ್ಲರಿಗೂ ಹಾಕಿದಷ್ಟೇ ತುಪ್ಪವನ್ನು ನನ್ನ ಎಲೆಗೂ ಹಾಕಿ ಒಳಗೆ ಹೋದರು.

ಆ ನಗು ನನ್ನನ್ನು ಬಿಟ್ಟಿಲ್ಲ. ಸುಳ್ಳಿಗಿಂತ ಅದೇ ಹೆಚ್ಚು ಚುಚ್ಚುತ್ತದೆ.

ಅವರೆಲ್ಲ ಹೋದ ಮೇಲೆ ಅಡುಗೆಮನೆಗೆ ಹೋಗಿ "ಅತ್ಗೆ..." ಎಂದೆ. ಅವರು ಪಾತ್ರೆಯಿಂದ ಕಣ್ಣೆತ್ತಲಿಲ್ಲ.

"ಅವ್ನ ಸರಾಸರಿ ಅಂಥಾದ್ದೇನೂ ಇರ್ನಿಲ್ಲ. ಸುಳ್ಳು ಯೋಳಿದ್ರೂ ಸರಿಯಾಗಿ ಯೋಳ್ಬೇಕು" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಮಾರನೆಯ ದಿನ ಗುಂಪಿನಲ್ಲಿ ಬರೆದೆ: ಪಟ್ಟಿ ನನ್ನದಲ್ಲ, ನಮ್ಮ ಅತ್ತಿಗೆಯದು. ಒಬ್ಬರು ಕೈ ಮುಗಿಯುವ ಚಿತ್ರ ಹಾಕಿದರು. ಇನ್ನೊಬ್ಬರು "ಎಂಥ ವಿನಯ!" ಎಂದರು. ಒಬ್ಬರೂ ನಂಬಲಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಹೆಡ್‌ಮಾಸ್ಟರ ಮನೆಗೇ ಹೋಗಿ, ಗದ್ದೆ, ಬುತ್ತಿ, ಬದುವಿನ ಕಲ್ಲು ಎಲ್ಲ ಯಾರದೆಂದು ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ "ಒಂದ್ಸಲ ಅವರನ್ನ ಕರ್ಕೊಂಡು ಬಾ, ಮಾತಾಡಿಸೋಣ" ಎಂದರು.

ಅತ್ತಿಗೆಗೆ ತಿಳಿಸಿದೆ.

"ಯಾಕೆ? ನಂಗೆ ಗೊತ್ತೋ ಇಲ್ವೋ ಅಂತ ಪರೀಕ್ಷೆ ಮಾಡಕ್ಕಾ? ನಾನ್ ಬರಾಕಿಲ್ಲ" ಎಂದರು.

ಈಗಲೂ ಟೆಸ್ಟ್ ಮ್ಯಾಚ್ ಇದ್ದ ದಿನ ಇಬ್ಬರೂ ಟೀವಿ ಮುಂದೆ ಕೂರುತ್ತೇವೆ. ಮೊದಲಾದರೆ ಅತ್ತಿಗೆ "ಅದು ಬುಡೋ ಚೆಂಡು ಕಣ್ಲಾ" ಎಂದು ಬ್ಯಾಟ್ಸ್‌ಮನ್‌ಗೆ ಹೇಳುವಂತೆ ತಮ್ಮಷ್ಟಕ್ಕೇ ಗೊಣಗುತ್ತಿದ್ದರು. ಈಗ ಸುಮ್ಮನೆ ನೋಡುತ್ತಾರೆ. ನಾನು ಕೇಳಿದರೆ ಉತ್ತರ ಕೊಡುತ್ತಾರೆ, ಕೇಳಿದ್ದಕ್ಕೆ ಮಾತ್ರ.