ಕೌದಿ ಹೊಲಿಗೆಯ ಚಿತ್ರ

ಶೈಲಾಗೆ ಎಣ್ಣೆಬಣ್ಣ ಎಂದರೆ ಜೀವ. ಕೊನೆಗೆ ಅದೇ ಉಸಿರಿಗೆ ಮುಳುವಾಯಿತು. ಬೆಳಗಾವಿಯಿಂದ ಮದುವೆಯಾಗಿ ಬಂದು ಕೋಥರೂಡ ಬಡಾವಣೆಯ ಶಾಲೆಯೊಂದರಲ್ಲಿ ಡ್ರಾಯಿಂಗ್ ಕಲಿಸುತ್ತಿದ್ದ ಆಕೆ, ಸಂಜೆಗಳನ್ನು ಬಾಲ್ಕನಿಯಲ್ಲಿ ಚಿತ್ರ ಬರೆಯುತ್ತ ಕಳೆಯುತ್ತಿದ್ದಳು. ೧೯೯೭ರ ಹೊತ್ತಿಗೆ ಬಣ್ಣ ತೆಳುಮಾಡುವ ಟರ್ಪೆಂಟೈನ್ ವಾಸನೆ ಬಡಿದರೆ ಸಾಕು, ಎದೆ ಸಿಳ್ಳೆ ಹಾಕತೊಡಗಿತು. ಇನ್ನು ಎಣ್ಣೆಬಣ್ಣ ಮುಟ್ಟಲೇ ಕೂಡದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಶೈಲಾ ಕುಂಚಗಳನ್ನೆಲ್ಲ ಅಟ್ಟಕ್ಕೆ ಹಾಕಿ ಮಂಕಾಗಿ ಕೂತಳು.

ಗಂಡ ಬಸವಲಿಂಗ ಮನೆ ಕಟ್ಟಿಸುವ ಸಣ್ಣ ಗುತ್ತಿಗೆದಾರ. ಒಂದು ಭಾನುವಾರ ಹೆಂಡತಿಯನ್ನು ಕೊಂಢವಾ ಎಂಬಲ್ಲಿದ್ದ ತನ್ನ ಕೆಲಸದ ಜಾಗಕ್ಕೆ ಕರೆದೊಯ್ದ. ಅಲ್ಲಿ ಸುಣ್ಣ ಮೆತ್ತಿದ ಗೋಣಿತಟ್ಟೊಂದು ಬಿಸಿಲಿಗೆ ಬಿದ್ದಿತ್ತು. ಶೈಲಾ ಕಣ್ಣು ಕೀಳಲಿಲ್ಲ.

"ಇದನ್ನ ಮನೀಗೆ ಒಯ್ಯೋಣೇನ್ರಿ?"

"ಹೊಲಸ ಆಗ್ಯದಲ್ಲ ಅದು! ಬೇಕಾದ್ರ ಹೊಸಾದು ಕೊಡ್ತೀನಿ."

"ಬ್ಯಾಡ್ರಿ. ಇದೇ ಬೇಕು."

ಅಲ್ಲಿಂದ ಶುರು. ಗೋಣಿತಟ್ಟನ್ನು ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಹಿಟ್ಟಿನ ಅಂಟಿನಲ್ಲಿ ಕೆಮ್ಮಣ್ಣು ಕಲಸಿ ಬಳಿದಳು. ಹಳೆಯ ಇಳಕಲ್ ಸೀರೆಯ ತುಂಡುಗಳನ್ನು ಅಂಟಿಸಿದಳು. ಕೆಮ್ಮು ಸುಳಿಯಲಿಲ್ಲ. ಮೂರನೆಯ ವರ್ಷಕ್ಕೆ ಊರ ಗ್ಯಾಲರಿಯೊಂದು ಪ್ರದರ್ಶನಕ್ಕೆ ಕರೆಯಿತು. ಆದರೆ ಪ್ರದರ್ಶನ ಹತ್ತಿರ ಬಂದಾಗ ಎಲ್ಲಕ್ಕಿಂತ ದೊಡ್ಡ ಚಿತ್ರದ ಮಣ್ಣು ಬಿರಿದು ಹಕ್ಕಳೆ ಹಕ್ಕಳೆಯಾಗಿ ಏಳತೊಡಗಿತು.

"ಎಲ್ಲಾ ಹಾಳಾತು ಅವ್ವಾ," ಎಂದು ಶೈಲಾ ಅತ್ತೇಬಿಟ್ಟಳು.

ಊರಿಂದ ಬಂದಿದ್ದ ತಾಯಿ ಕಾಶವ್ವ ಚಿತ್ರದ ಮೇಲೆ ಮೆಲ್ಲಗೆ ಕೈಯಾಡಿಸಿದಳು. "ತೆಳ್ಳನ ಅರಿವಿ ಹಾಸಿ ಕೌದಿ ಹೊಲಿದ್ಹಂಗ ಹೊಲಿದ್ರ?"

"ಇದು ಚಿತ್ರ ಅದ, ಹಾಸಿಗಿ ಅಲ್ಲ!"

ಸಿಡುಕಿದ್ದೇನೋ ಹೌದು. ಆದರೆ ಸ್ವಲ್ಪ ಹೊತ್ತಿಗೆ ತಾನೇ ಎದ್ದು ಹೋಗಿ ಗಂಡನ ಹಳೆಯ ಧೋತರ ಹುಡುಕಿ ತಂದಳು. ಚಿತ್ರದ ಮೇಲೆ ಹಾಸಿದಾಗ ಆ ತೆಳ್ಳನೆಯ ಬಟ್ಟೆಯೊಳಗಿಂದ ಕೆಂಪು ಮಣ್ಣು ಮಂಜಿನಲ್ಲಿ ಕಂಡಂತೆ ಕಂಡಿತು, ಮೊದಲಿಗಿಂತ ಚೆಂದವೆನಿಸಿತು. ಚೌಕಟ್ಟು ನಿಲ್ಲಿಸಿ ಇಬ್ಬರೂ ಆಚೀಚೆ ಕೂತರು. ಮಗಳು ಚುಚ್ಚಿದ ಸೂಜಿಯನ್ನು ತಾಯಿ ಹಿಂದಿನಿಂದ ಎಳೆದು ಮರಳಿ ಕೊಡುತ್ತಿದ್ದಳು.

ಪ್ರದರ್ಶನದ ದಿನ ಟೆಂಪೋ ತಗ್ಗುದಿನ್ನೆಗಳಲ್ಲಿ ಕುಲುಕಿದಾಗೆಲ್ಲ ಶೈಲಾ ಚೌಕಟ್ಟನ್ನು ಅವುಚಿ ಹಿಡಿಯುತ್ತಿದ್ದಳು. ಗ್ಯಾಲರಿಯಲ್ಲಿ ಬಸವಲಿಂಗ ಹೊದಿಕೆ ಬಿಚ್ಚಿ, ಬಗ್ಗಿ, ನೆಲವನ್ನೂ ನೋಡಿದ.

"ಮಣ್ಣಿಂದ ಒಂದು ಹಳ್ಳೂ ಉದುರಿಲ್ಲ ನೋಡ!"

ಶೈಲಾ ಅಲ್ಲೇ ನೆಲದ ಮೇಲೆ ಕೂತು ಗೋಡೆಗೊರಗಿ, ಎದೆ ತುಂಬ ಉಸಿರೆಳೆದುಕೊಂಡು ನಕ್ಕಳು.

"ಏನರ ತಿನ್ಲಿಕ್ಕೆ ತರ್ರಿ," ಎಂದಳು. "ನಿನ್ನೆಯಿಂದ ಒಂದು ತುತ್ತೂ ಇಳಿದಿಲ್ಲ. ಈಗ ಭಾಳ ಹಸಿವಿ ಆಗ್ಯದ."